ಸೀರೆ ಮಾರುವವರು ಸೀರೆಯನ್ನೇ ಉಡಬೇಕೆ, ದಿನವಿಡೀ ನಿಂತೇ ಇರಬೇಕೆ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಳೆಯ ಜವಳಿ ಅಂಗಡಿ. ಎರಡು ಮಹಡಿ, ಹದಿನಾಲ್ಕು ಜನ ಕೆಲಸಗಾರರು, ಅವರಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು. ಮಾವನವರಿಗೆ ಮಂಡಿನೋವು ಹೆಚ್ಚಾದ ಮೇಲೆ ವ್ಯವಹಾರವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಹುಡುಗಿಯರಿಗೆ ಮರೂನ್ ಬಣ್ಣದ ಪಾಲಿಯೆಸ್ಟರ್ ಸೀರೆಯ ಸಮವಸ್ತ್ರವಿದೆ. ಅದು ಬೇಡ, ಚೂಡಿದಾರ ಕೊಡಿಸಿ ಅಕ್ಕ ಎಂದು ಅವರು ವರ್ಷದಿಂದ ಕೇಳುತ್ತಿದ್ದಾರೆ. 'ಸೀರೆ ಮಾರುವವಳೇ ಸೀರೆ ಉಡದಿದ್ದರೆ ಗಿರಾಕಿ ನಂಬುವುದು ಹೇಗೆ?' ಎನ್ನುವುದು ಮಾವನವರ ಮಾತು. ಈಚೆಗೆ ನಾನು ನಾಲ್ಕು ಸ್ಟೂಲ್ ತರಿಸಿ ಹಾಕಿದೆ. ಎರಡೇ ವಾರದಲ್ಲಿ ಹಳೆಯ ಗಿರಾಕಿಯೊಬ್ಬರು, ನಿಮ್ಮ ಹುಡುಗಿಯರು ಕುಳಿತಲ್ಲಿಂದಲೇ ಮಾತನಾಡಿಸುತ್ತಾರೆ ಎಂದು ಮಾವನವರಿಗೆ ದೂರು ಹೇಳಿದರು. ಸ್ಟೂಲ್‌ಗಳು ಗೋದಾಮು ಸೇರಿದವು. ನಮ್ಮ ಎದುರಿಗೇ ದೊಡ್ಡ ಎಸಿ ಶೋರೂಮ್ ಆಗಿದೆ, ಅಲ್ಲಿ ಬಾಗಿಲಲ್ಲೇ ನಾಲ್ಕು ಜನ ಕೈಮುಗಿದು ನಿಂತಿರುತ್ತಾರೆ. ನಮ್ಮ ಗಂಡುಹುಡುಗರು ಮಾತ್ರ ಜೀನ್ಸ್, ಟೀಶರ್ಟಿನಲ್ಲಿ ಬರುತ್ತಾರೆ, ಅವರಿಗೆ ಯಾರೂ ಏನೂ ಹೇಳಿಲ್ಲ. ಇತ್ತೀಚೆಗೆ ಸೇರಿದ ಒಬ್ಬ ಹುಡುಗಿ ತಲೆವಸ್ತ್ರ ಕಟ್ಟುತ್ತಾಳೆ, ಅದಕ್ಕೂ ಮಾತು ಬಂದಿದೆ. ಮನೆಯ ಮಾತೂ ಕೆಡಬಾರದು, ವ್ಯಾಪಾರವೂ ಕೆಡಬಾರದು. ಏನು ಮಾಡಲಿ?

ಉತ್ತರ: ನೀವು ಸೀರೆ, ಸ್ಟೂಲ್, ತಲೆವಸ್ತ್ರ ಎಂದು ಬೇರೆ ಬೇರೆಯಾಗಿ ಕೇಳಿದ್ದೀರಿ. ಒಳಗಿರುವ ಭಯ ಒಂದೇ: ಕಟ್ಟುಪಾಡು ಸಡಿಲವಾದರೆ ಅಂಗಡಿಯ ಗೌರವ ಇಳಿಯುತ್ತದೆ, ಗಿರಾಕಿ ರಸ್ತೆ ದಾಟಿ ಎದುರಿನ ಶೋರೂಮಿಗೆ ಹೋಗುತ್ತಾರೆ. ಇದು ಹುಸಿ ಭಯವೇನಲ್ಲ. ಮದುವೆ ಜವಳಿಗೆ ಬರುವ ಒಂದು ಕುಟುಂಬ ಕೈತಪ್ಪಿದರೆ ಆ ಮನೆಯ ಮುಂದಿನ ಮದುವೆಯೂ, ಸೀಮಂತ, ಗೃಹಪ್ರವೇಶಗಳೂ ಕೈತಪ್ಪುತ್ತವೆ. ಜವಳಿ ಅಂಗಡಿಗಳ ಸಿಬ್ಬಂದಿಗೆ ತರಬೇತಿ ಕೊಡುವುದೇ ನನ್ನ ಕೆಲಸವಾದ್ದರಿಂದ ನಿಮ್ಮ ಮಾವನವರ ಆತಂಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅವರು ಹಿಡಿದಿರುವ ಎರಡು ನಂಬಿಕೆಗಳು ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲನೆಯದು, ನಿಂತು ಮಾರುವುದೇ ನಮ್ಮ ಪದ್ಧತಿ ಎಂಬುದು. ನಿಮ್ಮದು ಹಳೆಯ ಅಂಗಡಿ ಎಂದಿದ್ದೀರಿ. ಅದರ ಮೊದಲ ದಿನಗಳ ಚಿತ್ರವನ್ನು ಮಾವನವರಿಂದಲೇ ಕೇಳಿ ನೋಡಿ. ದಾವಣಗೆರೆ, ಹುಬ್ಬಳ್ಳಿ, ಗದಗ, ಎಲ್ಲೇ ಇರಲಿ, ಹಳೆಯ ಜವಳಿ ಅಂಗಡಿ ಎಂದರೆ ಬಿಳಿ ಹೊದಿಕೆಯ ಗಾದಿ. ಚಪ್ಪಲಿ ಹೊರಗೆ ಬಿಟ್ಟು ಬಂದ ಗಿರಾಕಿ ಗಾದಿಯ ಈಚೆಗೆ ಕುಳಿತುಕೊಳ್ಳುತ್ತಿದ್ದರು, ಮಾರುವವರು ಆಚೆಗೆ ಚಕ್ಕಂಬಕ್ಕಳ ಹಾಕಿ ಕುಳಿತು ಒಂದೊಂದೇ ಸೀರೆ ಬಿಚ್ಚಿ ಹರಡುತ್ತಿದ್ದರು. ಮಾಲೀಕರು ಲೋಡಿಗೆ ಒರಗಿ ಗಲ್ಲಾದ ಪಕ್ಕ ಕುಳಿತಿರುತ್ತಿದ್ದರು. ಎಲ್ಲರೂ ಕುಳಿತೇ ವ್ಯಾಪಾರ ಮಾಡಿದರು, ಯಾರ ಗೌರವವೂ ಕಡಿಮೆಯಾಗಲಿಲ್ಲ. ನಿಲ್ಲುವುದು ಬಂದದ್ದು ಗಾಜಿನ ಕೌಂಟರ್, ಎತ್ತರದ ರ‍್ಯಾಕ್, ಶೋರೂಮ್‌ಗಳ ಜೊತೆ. ಸಮವಸ್ತ್ರದ ಸೀರೆಯೂ ಹಾಗೆಯೇ. ಗಾದಿಯ ಕಾಲದಲ್ಲಿ ಸೀರೆ ಮಾರುತ್ತಿದ್ದವರು ಬಹುಪಾಲು ಗಂಡಸರು, ಪಂಚೆಯನ್ನೋ ಪೈಜಾಮವನ್ನೋ ಉಟ್ಟವರು. ಆ ಕಾಲದ ಹೆಂಗಸರು ಅವರನ್ನು ನಂಬಿಯೇ ಧಾರೆ ಸೀರೆ ಆರಿಸಿದರು.

ಎರಡನೆಯ ನಂಬಿಕೆ, ಮಾರುವವರ ಉಡುಪು ನೋಡಿ ಗಿರಾಕಿ ಸರಕನ್ನು ನಂಬುತ್ತಾರೆ ಎಂಬುದು. ನನ್ನ ಅನುಭವದಲ್ಲಿ ಸೀರೆ ಕೊಳ್ಳಲು ಬಂದವರು ಮಾರುವವರಿಂದ ಬಯಸುವುದು ಮೂರು ಸಂಗತಿ. ಅಂಗಡಿಯಲ್ಲಿ ಯಾರನ್ನು ಕೇಳಬೇಕೆಂದು ನೋಡಿದ ಕೂಡಲೇ ಗೊತ್ತಾಗಬೇಕು. ಕೇಳಿದ್ದಕ್ಕೆ ತಿಳಿದ ಉತ್ತರ ಬರಬೇಕು: ಇದು ಕೈಮಗ್ಗದ ಇಳಕಲ್ಲೇ, ಯಂತ್ರಮಗ್ಗದ್ದೇ, ಈ ಜರಿ ಕಪ್ಪಾಗುತ್ತದೆಯೇ, ಈ ಬಣ್ಣ ಮೊದಲ ಒಗೆತಕ್ಕೆ ಬಿಡುತ್ತದೆಯೇ ಎಂಬಂಥವು. ಮತ್ತೆ, ಎರಡು ಸಾವಿರದ ಸೀರೆ ಕೇಳಿದಾಗ ಮುಖ ಸಪ್ಪಗಾಗಬಾರದು. ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಉಡುಪಿನ ನೆರವು ಬೇಕು. ಉಳಿದೆರಡನ್ನು ಯಾವ ಸಮವಸ್ತ್ರವೂ ಕೊಡಲಾರದು.

ಈಗ ನಿಮ್ಮ ಹುಡುಗಿಯರ ಮರೂನ್ ಸೀರೆಯನ್ನು ಹತ್ತಿರದಿಂದ ನೋಡೋಣ. ಗಿರಾಕಿ ಒಂದು ಸೀರೆ ಇಷ್ಟಪಟ್ಟರೆ ಹುಡುಗಿ ಅದರ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿ ತೋರಿಸುತ್ತಾಳೆ. ಕೆಳಗೆ ಮರೂನ್ ಮೈಬಣ್ಣ, ಅದರ ಮೇಲೆ ಎಲೆಹಸಿರು ಸೀರೆ ಬಂದಾಗ ಗಿರಾಕಿಯ ಕಣ್ಣಿಗೆ ಬೀಳುವುದು ಎರಡು ಬಣ್ಣಗಳ ಜಗಳ. ಹೆಗಲ ಮೇಲಿನ ಪಿನ್ನು ಜರಿಯ ಎಳೆಯನ್ನು ಹಿಡಿಯುತ್ತದೆ. ಅಂಥ ಒಂದು ಎಳೆ ಎದ್ದರೆ ಆ ಸೀರೆ ರಿಯಾಯಿತಿಯ ಗುಡ್ಡೆಗೆ ಹೋಗಬೇಕು, ಇಲ್ಲವೇ ಹುಡುಗಿಯ ಸಂಬಳದಿಂದ ಮುರಿಯಬೇಕು. ಎರಡನೆಯದನ್ನು ಮಾಡುವ ಅಂಗಡಿಗಳನ್ನು ನಾನು ಕಂಡಿದ್ದೇನೆ, ಅದು ಅನ್ಯಾಯ. ಮೇಲಿನ ಖಾನೆಯ ಕಟ್ಟು ಇಳಿಸಲು ಏಣಿ ಹತ್ತಿದಾಗ ನೆರಿಗೆ ಮೆಟ್ಟಿಲಿಗೆ ಸಿಕ್ಕುತ್ತದೆ. ಏಣಿಯ ಮೇಲೆ ಒಂದು ಕೈಯಲ್ಲಿ ಕಟ್ಟು, ಇನ್ನೊಂದು ಕೈಯಲ್ಲಿ ನೆರಿಗೆ, ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಅಳತೆ ಟೇಪು, ಪೆನ್ನು, ಚೀಟಿ ಇಟ್ಟುಕೊಳ್ಳಲು ಜೇಬೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಪಾಲಿಯೆಸ್ಟರಿನೊಳಗೆ ಬೆವತು, ಬೆವರಿನ ಕೈಯಲ್ಲೇ ರೇಷ್ಮೆ ಮುಟ್ಟಬೇಕು. ಸೀರೆ ಬಹಳ ಚೆಂದದ ಉಡುಪು. ಆದರೆ ಈ ಕೆಲಸಕ್ಕೆ, ಈ ಬಟ್ಟೆಯಲ್ಲಿ, ಈ ಬಣ್ಣದಲ್ಲಿ ಅದು ನಿಮ್ಮ ಸರಕಿಗೇ ಹಾನಿ ಮಾಡುತ್ತಿದೆ. ಮಾವನವರಿಗೆ ಮೊದಲು ಹೇಳಬೇಕಾದ ಮಾತು ಇದು. ವ್ಯಾಪಾರ ಬಲ್ಲವರಿಗೆ ಜರಿಯ ಎಳೆಯ ನಷ್ಟ ಕೂಡಲೇ ಅರ್ಥವಾಗುತ್ತದೆ.

ಕೆಲಸದ ಉಡುಪು ಬದಲಾದದ್ದು ನಿಮ್ಮ ಅಂಗಡಿಯಲ್ಲಿ ಮಾತ್ರವೇ ಅಲ್ಲ. 2018ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆ, ನೀಲಮಣಿ ರಾಜು ಅವರು ಮುಖ್ಯಸ್ಥರಾಗಿದ್ದಾಗ, ಕರ್ತವ್ಯದಲ್ಲಿರುವ ಮಹಿಳಾ ಸಿಬ್ಬಂದಿ ಖಾಕಿ ಸೀರೆ ಬಿಟ್ಟು ಪ್ಯಾಂಟು, ಷರ್ಟು ತೊಡಬೇಕೆಂದು ಆದೇಶಿಸಿತು. ಓಡಬೇಕಾದವರಿಗೆ ಓಡಲು ಬರುವ ಉಡುಪು ಬೇಕು ಎಂಬುದು ಅದರ ಹಿಂದಿನ ಸರಳ ವಿಚಾರ. ಬೆಂಗಳೂರಿನ ಇನ್ಫೊಸಿಸ್ 2015ರಲ್ಲಿ, ಶುಕ್ರವಾರಕ್ಕೆ ಮಾತ್ರ ಇದ್ದ ಸಡಿಲಿಕೆಯನ್ನು ವಾರದ ಎಲ್ಲ ದಿನಗಳಿಗೂ ಕೊಟ್ಟಿತು. ಗಿರಾಕಿಗಳ ಎದುರೇ ನಿಲ್ಲುವವರ ವಿಷಯದಲ್ಲೂ ಹೀಗೆಯೇ ಆಗಿದೆ: ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ವಿಮಾನ ಸಂಸ್ಥೆ 2019ರಲ್ಲಿ ಗಗನಸಖಿಯರಿಗೆ ಮೇಕಪ್ ಕಡ್ಡಾಯವಲ್ಲ ಎಂದಿತು, ಬಯಸಿದವರಿಗೆ ಸ್ಕರ್ಟಿನ ಬದಲು ಪ್ಯಾಂಟು ಕೊಟ್ಟಿತು. ಕೆಲಸ ಏನು ಬೇಡುತ್ತದೆ ಎಂಬುದನ್ನು ಮೊದಲು ನೋಡಿ ಆಮೇಲೆ ಬಟ್ಟೆ ಗೊತ್ತುಮಾಡುವ ಕ್ರಮ ಎಲ್ಲೆಡೆ ಬರುತ್ತಿದೆ.

ಸ್ಟೂಲಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಸಂಜೆ ನಾಲ್ಕರ ಮೇಲೆ ಯಾವುದೇ ಜವಳಿ ಅಂಗಡಿಯ ಒಳಗೆ ಹೋಗಿ ಕೌಂಟರಿನ ಕೆಳಗೆ ನೋಡಿ. ಹುಡುಗಿ ರ‍್ಯಾಕಿಗೆ ಒಂದು ಪಕ್ಕ ಆನಿಕೊಂಡು, ಒಂದು ಪಾದದ ಮೇಲೆ ಇನ್ನೊಂದನ್ನಿಟ್ಟು, ಭಾರ ಬದಲಿಸುತ್ತಾ ನಿಂತಿರುತ್ತಾಳೆ. ಗಾದಿಯ ಕಾಲದ ಅಭ್ಯಾಸ ಉಳಿದುಬಂದು ಬಹಳ ಕಡೆ ಸಿಬ್ಬಂದಿ ಬರಿಗಾಲಿನಲ್ಲೇ ಇರುತ್ತಾರೆ. ಗಾದಿ ಹೋಗಿ ಗ್ರಾನೈಟ್ ನೆಲ ಬಂದಿದೆ, ಬರಿಗಾಲು ಹಾಗೇ ಉಳಿದಿದೆ. ಕಾಲಿನ ರಕ್ತ ಮೇಲಕ್ಕೇರಲು ಮೀನಖಂಡದ ಸ್ನಾಯುಗಳು ರಕ್ತನಾಳಗಳನ್ನು ಹಿಂಡಬೇಕು. ನಡೆಯುವಾಗ ಆ ಕೆಲಸ ತಾನಾಗಿಯೇ ಆಗುತ್ತದೆ. ನಿಂತಲ್ಲೇ ನಿಂತರೆ ಆಗುವುದಿಲ್ಲ, ರಕ್ತ ಕೆಳಗೇ ನಿಲ್ಲುತ್ತದೆ. ಕಣಕಾಲು ಊದಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ನಾಳಗಳು ಉಬ್ಬಿ ಗಂಟುಗಂಟಾಗಬಹುದು. ಹಿಮ್ಮಡಿ, ಸೊಂಟದ ನೋವು ಬೇರೆ. ಜೊತೆಗೆ, ಮೇಲೆ ಶೌಚಾಲಯವಿಲ್ಲವೆಂದೋ ಪದೇ ಪದೇ ಹೋದರೆ ಮಾತು ಬರುತ್ತದೆಂದೋ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ, ಮೂತ್ರದ ಸೋಂಕು ತಂದುಕೊಳ್ಳುತ್ತಾರೆ. ಇದನ್ನು ಅವರು ನಿಮ್ಮ ಹತ್ತಿರ ಹೇಳಿರಲಾರರು. ನೀವೇ ಕೇಳಿ.

ಕಾಲು ನೋಯುವವರ ಮಾತಿನಲ್ಲಿ ತಾಳ್ಮೆ ಉಳಿಯುವುದಿಲ್ಲ. ಹತ್ತು ಸೀರೆ ತೆಗೆಸಿ ಏನೂ ಕೊಳ್ಳದೆ ಹೊರಟ ಗಿರಾಕಿಯ ಬೆನ್ನಿಗೆ ಬೀಳುವ ಆ ಬಿರುಸಾದ ನೋಟ ಸಂಜೆಯದು, ಬೆಳಿಗ್ಗೆಯದಲ್ಲ. ದೊಡ್ಡ ಖರೀದಿಗೆ ಕುಟುಂಬಗಳು ಬರುವುದೂ ಸಂಜೆಗೇ.

ಈ ವಿಷಯದಲ್ಲಿ ನಮ್ಮ ನೆರೆಯ ರಾಜ್ಯಗಳು ಮುಂದಿವೆ. ಕೋಯಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. ಅವರನ್ನು 'ಪೆಣ್‌ಕೂಟ್ಟು' ಎಂಬ ಹೆಸರಿನಲ್ಲಿ ಸಂಘಟಿಸಿದ ವಿಜಿ ಸ್ವತಃ ಹೊಲಿಗೆ ಕೆಲಸದವರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಆಸನ ಕಡ್ಡಾಯ ಮಾಡಿತು, 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಜವಳಿ ವ್ಯಾಪಾರಕ್ಕೆ ಹೆಸರಾದ ಆ ಎರಡು ರಾಜ್ಯಗಳಲ್ಲಿ ಸ್ಟೂಲ್ ಬಂದದ್ದರಿಂದ ಸೀರೆ ವ್ಯಾಪಾರ ಮುಳುಗಿಲ್ಲ. ಕಾರ್ಖಾನೆಗಳ ವಿಷಯದಲ್ಲಿ 1948ರ ಕಾಯ್ದೆಯ 44ನೇ ಕಲಮೇ ನಿಂತು ದುಡಿಯುವವರಿಗೆ ಕುಳಿತುಕೊಳ್ಳುವ ಏರ್ಪಾಡು ಇರಬೇಕೆಂದು ಹೇಳುತ್ತಿತ್ತು. ಸಂಸತ್ತು 2020ರಲ್ಲಿ ಅಂಗೀಕರಿಸಿದ, 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಆ ಮಾತಿದೆ. ಕೆಲಸದ ಅವಧಿ, ವಾರದ ರಜೆಗಳಿಗೆ ನಮ್ಮಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ವಾರಕ್ಕೆ 48 ಗಂಟೆ, ಹೆಚ್ಚಿನ ಅವಧಿಗೆ ಎರಡು ಪಟ್ಟು ಸಂಬಳ ಎಂಬುದನ್ನು ಹಬ್ಬದ ದಿನಗಳಲ್ಲಿ ಮಾಲೀಕರು ಮರೆಯುತ್ತಾರೆ. ನೀವು ಮರೆಯಬೇಡಿ.

ಹಾಗಾದರೆ ಆ ಹಳೆಯ ಗಿರಾಕಿಯ ದೂರು? ಅವರ ದೂರು ನ್ಯಾಯವಾದದ್ದೇ. ಹುಡುಗಿ ಕುಳಿತಿದ್ದಳು ಎಂಬುದು ಅವರಿಗೆ ನೋವಾಗಿರಲಿಕ್ಕಿಲ್ಲ, ತಾವು ಬಂದಾಗ ಏಳಲಿಲ್ಲ ಎಂಬುದು ನೋವಾಗಿದೆ. ನಮ್ಮ ಮನೆಗಳಲ್ಲಿ ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲುತ್ತೇವೆ; ಏಳುವುದರಲ್ಲಿ ಗೌರವವಿದೆ. ಬೆಳಗಿನಿಂದ ನಿಂತೇ ಇರುವವಳಿಗೆ ಆ ಗೌರವ ತೋರಿಸುವ ಅವಕಾಶವೇ ಇಲ್ಲ! ಕುಳಿತಿದ್ದವಳು ಗಿರಾಕಿಯನ್ನು ಕಂಡು ಎದ್ದು, 'ಬನ್ನಿ ಅಮ್ಮ, ಕುಳಿತುಕೊಳ್ಳಿ' ಎಂದರೆ ಅದರ ಮುಂದೆ ಬಾಗಿಲಲ್ಲಿ ಕೈಮುಗಿದು ನಿಂತ ನಾಲ್ವರೂ ಸಪ್ಪೆ. ನೀವು ಸ್ಟೂಲ್ ಹಾಕಿದಿರಿ, ಅದನ್ನು ಬಳಸುವ ಕ್ರಮ ಹೇಳಿಕೊಡಲಿಲ್ಲ, ಅಷ್ಟೇ ಆದದ್ದು. ಗೋದಾಮಿನಿಂದ ಅವನ್ನು ವಾಪಸು ತರಿಸಿ. ಗಿರಾಕಿ ನಿಮ್ಮ ಕೌಂಟರಿನತ್ತ ತಿರುಗಿದ ಕೂಡಲೇ ಏಳಬೇಕು, ಅವರನ್ನು ಕೂರಿಸಬೇಕು, ಅವರು ಕುಳಿತು ಸೀರೆ ನೋಡುತ್ತಿದ್ದರೆ ತೋರಿಸುವವಳೂ ಕುಳಿತು ತೋರಿಸಬಹುದು: ನಿಯಮ ಇಷ್ಟು ಸಾಕು. ಕೌಂಟರಿನ ಎತ್ತರಕ್ಕೆ ಹೊಂದುವ, ಕಾಲಿಡಲು ಪಟ್ಟಿಯಿರುವ ಸ್ಟೂಲ್ ಆಗಬೇಕು. ತಗ್ಗಿನ ಪ್ಲಾಸ್ಟಿಕ್ ಸ್ಟೂಲಿನಿಂದ ಎದ್ದು ಕೂತು ಮಾಡುವುದು ನಿಲ್ಲುವುದಕ್ಕಿಂತ ಕಷ್ಟ. ನಿಲ್ಲುವ ಜಾಗದಲ್ಲಿ ರಬ್ಬರ್ ಹಾಸು ಹಾಕಿ. ಒಳಗೆ ಮಾತ್ರ ಮೆಟ್ಟುವ ಮೆತ್ತನೆಯ ಚಪ್ಪಲಿ ಕೊಡಿಸಿ. ಮತ್ತೊಂದು ಮಾತು, ಸಿಸಿಟಿವಿಯಲ್ಲಿ ನೋಡುತ್ತಾ ಕುಳಿತು 'ಯಾಕೆ ಕೂತಿದ್ದೀಯ' ಎಂದು ಫೋನ್ ಮಾಡುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಮೊದಲು ನಿಲ್ಲಲಿ.

ಉಡುಪಿಗೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಸೀರೆಯನ್ನೇ ಉಳಿಸಿ ಬಟ್ಟೆ ಬದಲಿಸಬಹುದು: ಹತ್ತಿ ಬೆರೆತ, ತಿಳಿ ಬೂದು ಅಥವಾ ಕೆನೆ ಬಣ್ಣದ ಸೀರೆ, ಮೇಲೆ ಜೇಬಿರುವ ಗಿಡ್ಡ ಕೋಟು. ಮಾವನವರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುತ್ತದೆ, ಏಣಿಯ ಅಪಾಯ ಮಾತ್ರ ಹಾಗೇ ಉಳಿಯುತ್ತದೆ. ಸಮವಸ್ತ್ರವನ್ನೇ ಬಿಟ್ಟು ಅವರವರ ಬಟ್ಟೆ, ಮೇಲೊಂದು ಬ್ಯಾಡ್ಜ್ ಎನ್ನಬಹುದು. ಇದನ್ನು ನಾನು ಬೇಡ ಎನ್ನುತ್ತೇನೆ. ಕೇಳಲು ಉದಾರವಾಗಿದ್ದರೂ ದಿನಕ್ಕೊಂದು ಒಳ್ಳೆಯ ಬಟ್ಟೆ ಹೊಂದಿಸುವ ಖರ್ಚು ಹುಡುಗಿಯರ ತಲೆಗೆ ಬರುತ್ತದೆ. ಯಾರ ಹತ್ತಿರ ಎಷ್ಟು ಜೊತೆ ಇದೆ ಎಂಬುದು ಎಲ್ಲರಿಗೂ ಕಾಣುತ್ತದೆ, ಗಿರಾಕಿಗೂ ಯಾರು ಸಿಬ್ಬಂದಿ ಎಂದು ತಿಳಿಯುವುದಿಲ್ಲ. ಮೂರನೆಯದು ಕುರ್ತಾ, ಪ್ಯಾಂಟು: ಒಂದೇ ತಿಳಿ ಬಣ್ಣ, ಎರಡು ಜೇಬು, ಮುಕ್ಕಾಲು ತೋಳು, ಕೊರಳಪಟ್ಟಿಗೋ ತೋಳಿನ ಅಂಚಿಗೋ ಗುಳೇದಗುಡ್ಡದ ಖಣದ ಒಂದು ಪಟ್ಟಿ. ಆ ಪಟ್ಟಿಯೇ ನಿಮ್ಮ ಅಂಗಡಿಯ ಗುರುತಾಗುತ್ತದೆ, ಎದುರಿನವರ ಬಳಿ ಅದು ಇರುವುದಿಲ್ಲ. ತಿಳಿ ಬಣ್ಣದ ಮೇಲೆ ಹಾಕಿದ ಯಾವ ಸೀರೆಯೂ ಎದ್ದು ಕಾಣುತ್ತದೆ. ಇದರ ಅಪಾಯ ಹೊಲಿಗೆಯಲ್ಲಿದೆ. ಸಗಟಿನಲ್ಲಿ ಮೂರೇ ಅಳತೆಯಲ್ಲಿ ತರಿಸಿದರೆ ಯಾರಿಗೂ ಸರಿಹೊಂದುವುದಿಲ್ಲ, ಬಿಗಿಯಾದದ್ದನ್ನು ತೊಟ್ಟವಳು ದಿನವಿಡೀ ಬಟ್ಟೆ ಎಳೆದುಕೊಳ್ಳುತ್ತಲೇ ಇರುತ್ತಾಳೆ. ಒಬ್ಬೊಬ್ಬರ ಅಳತೆ ತೆಗೆಸಿ, ತಲಾ ಮೂರು ಜೊತೆಯಾದರೂ ಹೊಲಿಸಿ, ಖರ್ಚು ಅಂಗಡಿಯದಾಗಿರಲಿ. ನನ್ನ ಸಲಹೆ ಇದೇ, ಜೊತೆಗೆ ಅದೇ ಬಣ್ಣದ ಸೀರೆಯ ಆಯ್ಕೆಯೂ ಇರಲಿ. ನಿಮ್ಮಲ್ಲಿ ಹಿರಿಯ ಹೆಂಗಸರಿದ್ದರೆ ಸೀರೆಯೇ ಹಿತ ಎನ್ನುವವರು ಖಂಡಿತ ಇರುತ್ತಾರೆ.

ಗಂಡುಹುಡುಗರನ್ನು ಈ ನಿಯಮದ ಹೊರಗೆ ಬಿಡಬೇಡಿ. ಅದೇ ಬಣ್ಣದ ಷರ್ಟು, ಅದೇ ಖಣದ ಪಟ್ಟಿ ಅವರಿಗೂ ಬೇಕು. ಹೆಣ್ಣುಮಕ್ಕಳಿಗೆ ಮಾತ್ರ ಇರುವ ಕಟ್ಟುಪಾಡನ್ನು ಶಿಸ್ತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಲೆವಸ್ತ್ರದ ಹುಡುಗಿಗೆ ಅದೇ ಬಟ್ಟೆಯಲ್ಲಿ ತಲೆವಸ್ತ್ರ ಹೊಲಿಸಿ ಕೊಡಿ. ಕುಂಕುಮ, ಬಳೆ, ತಾಳಿ, ತಲೆವಸ್ತ್ರ, ಯಾವುದೂ ಸೀರೆಗೆ ಸಿಕ್ಕಿ ಎಳೆ ಕೀಳದಿದ್ದರೆ ಸಾಕು; ಅದರಾಚೆಗೆ ಕೇಳಲು ಅಂಗಡಿಗೆ ಕಾರಣವಿಲ್ಲ. ದಾವಣಗೆರೆಯಲ್ಲಿ ರಂಜಾನ್ ತಿಂಗಳ ವ್ಯಾಪಾರ ಎಷ್ಟೆಂದು ಮಾವನವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಉಡುಪು ಬದಲಾದಾಗ ಕೆಲವು ಗಂಡಸರು ಮಾತು ಬದಲಿಸುತ್ತಾರೆ. 'ಸೀರೆಯಲ್ಲೇ ಚೆನ್ನಾಗಿದ್ದೆ' ಎಂಬಲ್ಲಿಂದ ಶುರುವಾಗಿ ಇನ್ನೂ ಮುಂದೆ ಹೋಗುತ್ತಾರೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಸಿಬ್ಬಂದಿಯನ್ನು ಕಾಪಾಡುವುದು ಮಾಲೀಕರ ಹೊಣೆ. ಹತ್ತು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ನಿಮ್ಮಲ್ಲಿ ಹದಿನಾಲ್ಕು ಜನರಿದ್ದಾರೆ. ಅಂಥ ಗಿರಾಕಿಯ ಹತ್ತಿರ ಹುಡುಗಿಯಿಂದಲೇ ಕ್ಷಮೆ ಕೇಳಿಸುವ ಮಾಲೀಕರಿದ್ದಾರೆ. ಅಂಥ ಹೊತ್ತಿನಲ್ಲಿ ನೀವು ಗಲ್ಲಾದಿಂದ ಎದ್ದು ಬಂದು, 'ಸೀರೆ ನಾನು ತೋರಿಸುತ್ತೇನೆ, ಹೇಳಿ' ಎಂದು ಅವಳ ಜಾಗದಲ್ಲಿ ನಿಂತರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಅದೇ ರೀತಿ ಗಿರಾಕಿಯ ಉಡುಪನ್ನು ಅಳೆಯುವ ಕಣ್ಣಿನ ಬಗ್ಗೆಯೂ ಎಚ್ಚರ ಬೇಕು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆ ಉಟ್ಟು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ವಿಷಯ ವಿಧಾನಸಭೆಗೆ ಹೋಗಿ, ಮಾಲ್ ಒಂದು ವಾರ ಮುಚ್ಚಬೇಕೆಂದು ಸರ್ಕಾರ ಹೇಳಿತು. ನಿಮ್ಮ ಗಿರಾಕಿಗಳಲ್ಲಿ ಮೆಕ್ಕೆಜೋಳ, ಭತ್ತ, ಅಡಿಕೆ ಮಾರಿ ಬಂದವರು ಎಷ್ಟು ಜನ! ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರನ್ನು ನಾಲ್ಕು ನಿಮಿಷ ಯಾರೂ ಮಾತನಾಡಿಸದಿದ್ದರೆ ಹುಡುಗಿಯರು ಯಾವ ಉಡುಪಿನಲ್ಲಿದ್ದರೂ ವ್ಯಾಪಾರ ಹೋಯಿತು. ಎದುರಿನ ಶೋರೂಮಿಗೆ ಹೋಗಲು ಆ ಹಿರಿಯರಿಗೆ ಸಂಕೋಚವಿರುತ್ತದೆ. ನಿಮ್ಮ ಬಲ ಅಲ್ಲಿದೆ.

ಯಾವಾಗ ಶುರುಮಾಡಬೇಕು? ಮದುವೆ ಸೀಸನ್ನಿನ ನಡುವೆ ಬೇಡ. ಮಹಾಲಯ ಪಕ್ಷದಲ್ಲಿ ಹೊಸ ಬಟ್ಟೆಯ ವ್ಯಾಪಾರ ಮಂದ. ಆ ದಿನಗಳಲ್ಲಿ ಸ್ಟೂಲ್ ಹಾಕಿ ಏಳುವ, ಕೂರಿಸುವ ಕ್ರಮವನ್ನು ರೂಢಿ ಮಾಡಿಸಿ, ಅಳತೆ ತೆಗೆಸಿ, ಎರಡು ಬಗೆಯ ಮಾದರಿ ಹೊಲಿಸಿ. ಮಾದರಿಯನ್ನು ಇಬ್ಬರು ಹುಡುಗಿಯರು ತೊಟ್ಟು ಏಣಿ ಹತ್ತಿ, ಸೀರೆ ಮಡಿಸಿ, ಒಂದು ಪೂರ್ತಿ ದಿನ ಕೆಲಸ ಮಾಡಿ ನೋಡಲಿ, ಅವರು ಹೇಳಿದ ತಿದ್ದುಪಡಿ ಮಾಡಿಸಿ. ದೀಪಾವಳಿಯ ಗದ್ದಲ ಮುಗಿದ ಮೇಲೆ ಎಲ್ಲರಿಗೂ ಕೊಡಿ. ಎಳೆ ಕಿತ್ತು ರಿಯಾಯಿತಿಗೆ ಹೋದ ಸೀರೆಗಳ ಲೆಕ್ಕವನ್ನು ಈಗಿನಿಂದಲೇ ಬರೆದಿಡಿ, ಮುಂದೆ ಮಾವನವರಿಗೆ ತೋರಿಸಲು ಬೇಕಾಗುತ್ತದೆ.

ಮಾವನವರ ಜೊತೆ ವಾದಕ್ಕೆ ಇಳಿಯುವ ಬದಲು ಅವರಿಂದ ಒಂದು ಕೆಲಸ ಕೇಳಿ. ಮೇಲಿನ ಮಹಡಿಯ ಒಂದು ಮೂಲೆಯಲ್ಲಿ ಧಾರೆ ಸೀರೆಗಳಿಗೆಂದೇ ಗಾದಿ ಹಾಕಿಸಿ, ಕೆಳಗೆ ಕೂರಲಾಗದ ಹಿರಿಯರಿಗೆ ಪಕ್ಕದಲ್ಲಿ ಎರಡು ಕುರ್ಚಿ ಇಡಿ. ಗಾದಿಯ ಮೇಲೆ ಸೀರೆ ಹರಡುವ ಕೈಚಳಕ, ಒಂದರ ನಂತರ ಯಾವುದನ್ನು ಬಿಚ್ಚಬೇಕೆಂಬ ಅಂದಾಜು, ಒಡಲು ಮುಟ್ಟಿ ನೂಲು ಹೇಳುವ ಜ್ಞಾನ ಅವರಲ್ಲಿದೆ, ಹುಡುಗಿಯರಲ್ಲಿ ಇಲ್ಲ. ಮಂಡಿನೋವಿನ ಅವರು ಕುರ್ಚಿಯಲ್ಲಿ ಕುಳಿತು ಬೆಳಗಿನ ಒಂದು ಗಂಟೆ ಅದನ್ನು ಕಲಿಸಲಿ.